ಕಡಲು, ಕಾಡು, ಮಕ್ಕಳು: ಕಾರವಾರದ ಕಡೆ ಚಾರಣಕ್ಕೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ನಿಂತು ಅಕ್ಟೋಬರ್ ಬಂತೆಂದರೆ ಕಾರವಾರದವರಿಗೆ ಫೋನ್ ಬರಲು ಶುರು. ಹುಬ್ಬಳ್ಳಿಯ ನೆಂಟರು, ಬೆಂಗಳೂರಿನ ಗೆಳೆಯರು, ಆ ಗೆಳೆಯರ ಆಫೀಸಿನವರು. "ಮಕ್ಕಳನ್ನು ಕರಕೊಂಡು ಬರ್ತಿದ್ದೇವೆ. ಕಾಡೂ ಆಗಬೇಕು, ಕಡಲೂ ಆಗಬೇಕು, ಒಂದು ರಾತ್ರಿ ಟೆಂಟಲ್ಲೂ ಮಲಗಬೇಕು. ಹೇಗೆ?" ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಸಮುದ್ರದ ಪಕ್ಕದಲ್ಲೇ ಇರುವ ರಾಷ್ಟ್ರೀಯ ಉದ್ಯಾನ ಯಾವುದು?

ಹಾಗೊಂದು ಇಲ್ಲಿಲ್ಲ. ಒಂದು ಗೇಟು, ಒಂದು ಟಿಕೆಟ್, ಒಳಗೆ ಹೋದರೆ ಕಾಡು, ಕಡಲು, ಟೆಂಟು ಎಲ್ಲ ಒಟ್ಟಿಗೆ ಸಿಗುತ್ತದೆ ಅಂದುಕೊಂಡು ಬಂದವರಿಗೆ ನಿರಾಸೆ ಆಗುತ್ತದೆ. ಇರುವುದು ಅಣಶಿ ರಾಷ್ಟ್ರೀಯ ಉದ್ಯಾನ. ಅದು ಘಟ್ಟದ ಮೇಲೆ, ಜೋಯಿಡಾ ತಾಲ್ಲೂಕಿನಲ್ಲಿದೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ದಾಂಡೇಲಿ ಅಭಯಾರಣ್ಯವನ್ನೂ ಸೇರಿಸಿಕೊಂಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಿಂದ ಅದರ ಹೆಸರು ಕಾಳಿ ಹುಲಿ ಸಂರಕ್ಷಿತ ಪ್ರದೇಶ.

ಹಾಗಂತ ಕಾಡಿಗೂ ಕಡಲಿಗೂ ಸಂಬಂಧವೇ ಇಲ್ಲ ಅಂತಲ್ಲ. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟುವ ಕಾಳಿ ನದಿ 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಹುಟ್ಟುವುದೂ ಸೇರುವುದೂ ಒಂದೇ ಜಿಲ್ಲೆಯಲ್ಲಿ. ಬೆಳಿಗ್ಗೆ ಸದಾಶಿವಗಡದ ಗುಡ್ಡದಿಂದ ಅಳಿವೆ ನೋಡಿ, ಕದ್ರಾ ಮೇಲಿಂದ ಘಟ್ಟ ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಅಣಶಿಯಲ್ಲಿರುತ್ತೀರಿ. ಒಂದೇ ನದಿಯ ಎರಡು ತುದಿ ಅಂತ ಯೋಚಿಸಿದರೆ ಪ್ರವಾಸ ಹಾಕಿಕೊಳ್ಳುವುದು ಸುಲಭ.

ಯಾವ ತಿಂಗಳಲ್ಲಿ ಬರಬೇಕು?

ನವೆಂಬರ್‌ನಿಂದ ಫೆಬ್ರವರಿ. ಅದರಲ್ಲೂ ಡಿಸೆಂಬರ್ ಮೊದಲ ಎರಡು ವಾರ ಚೆನ್ನ. ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗೆ ಗೋಕರ್ಣದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ರೂಮಿನ ದರ ಕೇಳಿದರೆ ತಲೆ ತಿರುಗುತ್ತದೆ. ಮಾರ್ಚ್ ನಂತರ ಸೆಕೆ. ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಬೇಸಿಗೆಯಲ್ಲಿ ಚಾರಣ ನಿಲ್ಲಿಸುವುದೂ ಉಂಟು.

ಮಳೆಗಾಲದಲ್ಲಿ ಜಲಪಾತ ನೋಡಲು ಬನ್ನಿ, ಟೆಂಟ್ ಹಾಕಲು ಬೇಡ. ಇಲ್ಲಿಯ ಮಳೆ ಅಂದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿ ಬದಿಯ ಚಹಾದಂಗಡಿಯನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿದ್ದು ಎಲ್ಲರಿಗೂ ನೆನಪಿದೆ. ಜೂನ್ 1ರಿಂದ ಜುಲೈ 31ರವರೆಗೆ ಇಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಯೇ ಬಂದ್. ಕಡಲು ಗೊತ್ತಿದ್ದವರೇ ಇಳಿಯದ ಹೊತ್ತಲ್ಲಿ ನಾವು ಮಕ್ಕಳನ್ನು ಇಳಿಸುವುದು ಯಾಕೆ?

ಎಷ್ಟು ದಿನ ಬೇಕು? ಎರಡು ದಿನದಲ್ಲಿ ಎಲ್ಲ ನೋಡಬಹುದಾ?

ಆಗಲ್ಲ. ಗೋಕರ್ಣ, ಯಾಣ, ಮುರುಡೇಶ್ವರ, ದಾಂಡೇಲಿ ಅಂತ ಪಟ್ಟಿ ಹಿಡಿದು ಬರುವವರು ದಿನಕ್ಕೆ ಆರು ತಾಸು ಕಾರಲ್ಲೇ ಇರುತ್ತಾರೆ. ಘಟ್ಟದ ತಿರುವಿಗೆ ಮಕ್ಕಳು ವಾಂತಿ ಮಾಡುತ್ತವೆ, ಸಂಜೆ ಎಲ್ಲರಿಗೂ ಸಿಟ್ಟು. ನನ್ನ ಲೆಕ್ಕ ಸರಳ: ಜಾಗ ಕಡಿಮೆ ಇರಲಿ, ಒಂದೊಂದು ಜಾಗದಲ್ಲೂ ಹೊತ್ತು ಜಾಸ್ತಿ ಇರಲಿ. ಮೂರು ರಾತ್ರಿ ಇದ್ದರೆ ಎರಡು ಕಡಲ ಹತ್ತಿರ, ಒಂದು ಕಾಡಲ್ಲಿ.

ಎರಡೇ ರಾತ್ರಿ ಇದ್ದರೆ ಎರಡರಲ್ಲಿ ಒಂದನ್ನು ಬಿಡಿ. ಕಡಲು ಬೇಕಿದ್ದರೆ ಗೋಕರ್ಣ–ಕುಮಟಾ. ಕಾಡು ಬೇಕಿದ್ದರೆ ಅಣಶಿ ಅಥವಾ ದಾಂಡೇಲಿ ಹತ್ತಿರದ ಕುಳಗಿ. ಶಿರಸಿಯಲ್ಲಿ ನೆಂಟರ ಮನೆ ಇದ್ದವರ ಕಥೆ ಬೇರೆ, ಅವರು ಅಲ್ಲೇ ಉಳಿದು ಯಾಣಕ್ಕೆ ಹೋಗಿ ಬರಬಹುದು.

ಬೀಚ್ ಮೇಲೆ ನಮ್ಮದೇ ಟೆಂಟ್ ಹಾಕಬಹುದಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಎಲ್ಲೆಂದರಲ್ಲಿ ಟೆಂಟ್ ಬಿಚ್ಚಬೇಡಿ. ಬೀಚ್ ಖಾಲಿ ಕಾಣುತ್ತದೆ ಅಂದ ಮಾತ್ರಕ್ಕೆ ಅದು ಯಾರದ್ದೂ ಅಲ್ಲ ಅಂತಲ್ಲ. ಒಂದು ಕಡೆ ಅರಣ್ಯ ಇಲಾಖೆ ಜಾಗ, ಇನ್ನೊಂದು ಕಡೆ ಮೀನುಗಾರರ ಬಲೆ ಒಣಗುವ ಜಾಗ, ಮತ್ತೊಂದು ಕಡೆ ಖಾಸಗಿ ತೋಟ. ರಾತ್ರಿ ಪೊಲೀಸರು ಬಂದು ಎಬ್ಬಿಸಿದರೆ ನಿದ್ದೆಗಣ್ಣಿನ ಮಕ್ಕಳನ್ನು ಎತ್ತಿಕೊಂಡು ಎಲ್ಲಿ ಹೋಗುತ್ತೀರಿ?

ಕುಟುಂಬದವರಿಗೆ ಸರಿಹೋಗುವುದು ಸಮುದ್ರಕ್ಕೆ ತಾಗಿದ ತೋಟಗಳಲ್ಲಿ ಟೆಂಟ್ ಹಾಕಿಕೊಡುವ ಹೋಮ್‌ಸ್ಟೇಗಳು. ಗೋಕರ್ಣದ ಸುತ್ತ, ಕುಮಟಾದ ಬಾಡ, ಕಾಗಾಲ, ಹೊನ್ನಾವರದ ಕಡೆ ಇಂಥವು ಇವೆ. ಬುಕ್ ಮಾಡುವ ಮೊದಲು ಮೂರು ವಿಷಯ ಕೇಳಿ. ಟಾಯ್ಲೆಟ್ ಟೆಂಟಿನಿಂದ ಎಷ್ಟು ದೂರ? ರಾತ್ರಿ ಲೈಟ್ ಇರುತ್ತದಾ? ಪಕ್ಕದಲ್ಲಿ ಪಾರ್ಟಿ ಮಾಡುವ ಗುಂಪುಗಳಿಗೂ ಕೊಡುತ್ತೀರಾ? ಮೂರನೆಯದನ್ನು ಯಾರೂ ಕೇಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಸ್ಪೀಕರ್ ಸದ್ದು ಕೇಳಿದಾಗ ಅದು ನೆನಪಾಗುತ್ತದೆ. ಫೋಟೋದಲ್ಲಿ ಕಡಲ ಅಲೆ ಟೆಂಟಿನ ಬಾಗಿಲಿಗೆ ಬಂದಂತೆ ತೋರಿಸಿ, ಹೋದ ಮೇಲೆ ಹೆದ್ದಾರಿ ಪಕ್ಕದ ಗದ್ದೆಯಲ್ಲಿ ಮಲಗಿಸುವವರೂ ಇದ್ದಾರೆ. ನಕ್ಷೆಯಲ್ಲಿ ಜಾಗ ಕಳಿಸಲು ಹೇಳಿ.

ಹುಲಿ ಸಂರಕ್ಷಿತ ಪ್ರದೇಶದೊಳಗೆ ಸ್ವಂತ ಟೆಂಟ್ ಹಾಕಿ ಮಲಗುವಂತಿಲ್ಲ. ಅಣಶಿ ಮತ್ತು ಕುಳಗಿಯಲ್ಲಿ ನೇಚರ್ ಕ್ಯಾಂಪ್ ಇದೆ, ಅಲ್ಲಿ ಉಳಿಯಬಹುದು. ಗಣೇಶಗುಡಿ ಮತ್ತು ದಾಂಡೇಲಿಯಲ್ಲಿ ಜಂಗಲ್ ಲಾಡ್ಜಸ್‌ನ ವಸತಿಯೂ ಇದೆ. ಮಕ್ಕಳಿಗೆ ಅದೇ ದೊಡ್ಡ ಕಾಡು, ಚಿಂತೆ ಬೇಡ.

ಅನುಮತಿ ಎಲ್ಲಿ ತೆಗೆದುಕೊಳ್ಳಬೇಕು?

ಕಾಡಿನೊಳಗಿನ ಚಾರಣಕ್ಕೆ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು. ಗುರುತಿನ ಚೀಟಿ ತನ್ನಿ, ಹಿರಿಯರದ್ದೂ ತನ್ನಿ. ಪಟ್ಟಿಯಲ್ಲಿ ಇಲ್ಲದ ದಾರಿಗೆ "ಹೋಗ್ಬಹುದು, ಏನಾಗಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಫಾರಿಗೆ ಕುಳಗಿ ಹತ್ತಿರದ ಫಣಸೋಲಿ ಗೇಟು, ಬೆಳಿಗ್ಗೆ ಮತ್ತು ಸಂಜೆ.

ಮಕ್ಕಳ ಜೊತೆ ನಡೆಯಲು ಯಾವ ದಾರಿ ಚೆನ್ನಾಗಿದೆ?

ನನಗೆ ಇಷ್ಟವಾದ ಕ್ರಮದಲ್ಲೇ ಹೇಳುತ್ತೇನೆ.

ಗೋಕರ್ಣದ ಕಡಲದಂಡೆ ದಾರಿ: ಕುಡ್ಲೆ ಬೀಚ್‌ನಿಂದ ಓಂ ಬೀಚ್, ಅಲ್ಲಿಂದ ಹಾಫ್ ಮೂನ್, ಮುಂದೆ ಪ್ಯಾರಡೈಸ್. ನಾಲ್ಕು ಬೀಚ್, ನಡುವೆ ಗುಡ್ಡದ ಮೂಗುಗಳು. ಕೆಂಪುಕಲ್ಲಿನ ನೆಲ, ಒಂದು ಬದಿ ಪೊದೆ, ಇನ್ನೊಂದು ಬದಿ ಕೆಳಗೆ ನೀರು. ಕುಡ್ಲೆಯಿಂದ ಓಂವರೆಗೆ ಐದು ವರ್ಷದ ಮಗುವೂ ನಡೆಯುತ್ತದೆ. ಓಂನಿಂದ ಹಾಫ್ ಮೂನ್‌ಗೆ ಅರ್ಧ ತಾಸು ಸಾಕು, ಆದರೆ ಒಂದೆರಡು ಕಡೆ ದಾರಿ ಕಿರಿದು, ಹರಳು ಕಲ್ಲಿನ ಮೇಲೆ ಚಪ್ಪಲಿ ಜಾರುತ್ತದೆ. ಅಲ್ಲಿ ಸಣ್ಣವರ ಕೈ ಹಿಡಿಯಿರಿ. ಎಂಟು–ಒಂಬತ್ತು ವರ್ಷದೊಳಗಿನವರಿದ್ದರೆ ಹಾಫ್ ಮೂನ್‌ನಲ್ಲೇ ನಿಲ್ಲಿ. ಅಲ್ಲಿಂದ ಮುಂದಿನ ದಾರಿ ಬಂಡೆ ಹತ್ತಿ ಇಳಿಯುವುದು. ಬೆಳಿಗ್ಗೆ ಏಳಕ್ಕೆ ಹೊರಟರೆ ಹತ್ತಕ್ಕೆ ವಾಪಸ್. ಹತ್ತೂವರೆಗೆ ಹೊರಡುವವರನ್ನು ದಾರಿಯಲ್ಲಿ ನೋಡುತ್ತೇನೆ, ಮುಖ ಕೆಂಪಾಗಿರುತ್ತದೆ, ನೀರಿನ ಬಾಟಲಿ ಖಾಲಿ.

ಯಾಣ: "ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತಾನೆ" ಅಂತ ನಮ್ಮ ಕಡೆ ಹಳೇ ಮಾತು. ಈಗ ಸೊಕ್ಕು ಬೇಡ, ರಸ್ತೆ ಹತ್ತಿರದವರೆಗೂ ಇದೆ. ಕಾಡಿನ ನೆರಳಲ್ಲಿ ನಡೆದು ಹೋದರೆ 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, ಪಕ್ಕದಲ್ಲಿ 90 ಮೀಟರ್‌ನ ಮೋಹಿನಿ ಶಿಖರ. ಕರೀ ಸುಣ್ಣದಕಲ್ಲು. ಬಂಡೆಯ ಒಳಗಿನ ಸಂದಿಯಲ್ಲಿ ಬರಿಗಾಲಲ್ಲಿ ಸುತ್ತು ಬರಬೇಕು, ನೆಲ ತಣ್ಣಗೆ, ಮೇಲಿಂದ ಒಂದು ಸೀಳು ಬೆಳಕು. ಕಡಲಿನಲ್ಲಿ ಬೋರಾಯ್ತು ಅನ್ನುವ ಹದಿಹರೆಯದವರೂ ಇಲ್ಲಿ ಮೊಬೈಲ್ ಕೆಳಗಿಡುತ್ತಾರೆ. ಶಿವರಾತ್ರಿ ಜಾತ್ರೆಯ ದಿನಗಳಲ್ಲಿ ಮಾತ್ರ ಸುಮ್ನೆ ಹೋಗಬೇಡಿ, ಜನವೋ ಜನ. ವಾಪಸ್ ಬರುವಾಗ ವಿಭೂತಿ ಜಲಪಾತಕ್ಕೆ ಇಳಿಯಬಹುದು.

ತಿಳ್‌ಮಾತಿ: ಕಾರವಾರದಿಂದ ಗೋವಾ ಕಡೆ ಹೋಗುವಾಗ ಮಾಜಾಳಿಯಿಂದ ಒಂದು ಸಣ್ಣ ಗುಡ್ಡ ದಾಟಿದರೆ ಈ ಪುಟ್ಟ ಬೀಚ್. ಮರಳು ಕಪ್ಪು ಎಳ್ಳು ಹರಡಿದ ಹಾಗೆ. ಮಕ್ಕಳು ಮುಷ್ಟಿ ತುಂಬ ಹಿಡಿದು ಬಿಡುತ್ತಾ ಕೂರುತ್ತಾರೆ. ಅಂಗಡಿ ಇಲ್ಲ, ನೆರಳು ಕಡಿಮೆ.

ಕಾಂಡ್ಲಾ (ಮ್ಯಾಂಗ್ರೋವ್) ನಡಿಗೆ: ಹೊನ್ನಾವರದಲ್ಲಿ ಶರಾವತಿ ಹಿನ್ನೀರಿನ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ದಾರಿ ಮಾಡಿದ್ದಾರೆ. ಕಾರವಾರದಲ್ಲೂ ಕಾಳಿ ದಂಡೆಯಲ್ಲಿ ಒಂದಿದೆ. ಅಜ್ಜ ಅಜ್ಜಿ ಜೊತೆಗಿದ್ದರೆ ಇದೇ ಸರಿ. ಏರಿಲ್ಲ, ಇಳಿಜಾರಿಲ್ಲ. ಕೆಸರಿನಿಂದ ಮೇಲಕ್ಕೆ ಚುಚ್ಚಿಕೊಂಡು ನಿಂತ ಉಸಿರಾಟದ ಬೇರುಗಳನ್ನು ಹತ್ತಿರದಿಂದ ನೋಡಬಹುದು.

ಸದಾಶಿವಗಡ, ಮಿರ್ಜಾನ್ ಕೋಟೆ ಎರಡೂ ಒಂದೊಂದು ತಾಸಿನವು. ಮಿರ್ಜಾನ್ ಅಂದರೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ನೆನಪು. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಅನ್ನುತ್ತಿದ್ದರು. ಕಥೆ ಗೊತ್ತಿದ್ದು ಹೋದರೆ ಮಕ್ಕಳಿಗೆ ಆ ಕಲ್ಲಿನ ಗೋಡೆ ಬೇರೆಯೇ ಕಾಣುತ್ತದೆ.

ಕುಮಟಾದಿಂದ ಗೋಕರ್ಣಕ್ಕೆ ಕಡಲದಂಡೆಯಲ್ಲೇ ನಡೆಯುವ ಚಾರಣ ಮಕ್ಕಳಿಗೆ ಆಗುತ್ತದಾ?

ಪೂರ್ತಿ ಬೇಡ. ಅದು ಎರಡು ದಿನದ ನಡಿಗೆ, ನೆರಳಿಲ್ಲದ ಮರಳು ಬಹಳ. ಒಂದು ತುಂಡು ಮಾಡಿ: ಅಘನಾಶಿನಿ ಊರಿನಿಂದ ದೋಣಿಯಲ್ಲಿ ತದಡಿಗೆ ದಾಟುವುದು. ಅಘನಾಶಿನಿ ಹೊಳೆಗೆ ಅಣೆಕಟ್ಟು ಇಲ್ಲ, ಅದರ ಅಳಿವೆ ಇವತ್ತಿಗೂ ಜೀವಂತ. ಇಳಿತದ ಹೊತ್ತಿಗೆ ಹೋದರೆ ಎದೆಮಟ್ಟ ನೀರಲ್ಲಿ ನಿಂತು ಬೆಳಚು (ತಿನ್ನುವ ಚಿಪ್ಪಿನ ಜೀವಿ) ಹೆಕ್ಕುವವರು ಕಾಣುತ್ತಾರೆ. ಪಾದದಲ್ಲಿ ತಡಕಿ, ಮುಳುಗಿ, ಕೈಯಲ್ಲಿ ಬಾಚಿ, ಪಕ್ಕದಲ್ಲಿ ತೇಲುವ ಪಾತ್ರೆಗೆ ಹಾಕುತ್ತಾರೆ. ಕಣ್ಣು ಕಾಣದ ಕೆಲಸವನ್ನು ಕಾಲು ಮಾಡುತ್ತದೆ. ಸಾಣಿಕಟ್ಟಾದ ಉಪ್ಪಿನ ಆಗರವೂ ಅಲ್ಲೇ ಹತ್ತಿರ. ಉಪ್ಪುನೀರು ನುಗ್ಗಿದರೂ ಬೆಳೆಯುವ ಕಗ್ಗ ಭತ್ತದ ಗದ್ದೆಗಳೂ ಈ ಕಡೆಯವೇ.

ಉಬ್ಬರ ಇಳಿತ ನೋಡಿಕೊಂಡು ಹೊರಡಬೇಕಾ? ಅಷ್ಟೆಲ್ಲ ಯಾಕೆ?

ಬೇಕೇ ಬೇಕು. ಘಟ್ಟದ ಮೇಲಿಂದ ಬಂದವರು ಮರೆಯುವುದು ಇದನ್ನೇ. ಇಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ತಾಸು. ದಿನ ಕಳೆದಂತೆ ಹೊತ್ತು ಐವತ್ತು ನಿಮಿಷದಷ್ಟು ಮುಂದೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಏಳಕ್ಕೆ ಇಳಿತ ಇದ್ದರೆ ನಾಳೆ ಎಂಟರ ಹತ್ತಿರ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಆಗ ಎರಡರ ನಡುವಿನ ವ್ಯತ್ಯಾಸ ಒಂದೂವರೆ ಮೀಟರ್‌ಗೂ ಜಾಸ್ತಿ ಆಗಬಹುದು.

ಇದರ ಅರ್ಥ ಏನು? ಬೆಳಿಗ್ಗೆ ಬಂಡೆ ಸುತ್ತಿ ಒಣಗಾಲಲ್ಲಿ ಹೋದ ಮೂಲೆಗೆ ಮಧ್ಯಾಹ್ನ ವಾಪಸ್ ಬರಲು ದಾರಿ ಇರುವುದಿಲ್ಲ. ಬಂಡೆ ಸುತ್ತಿ ಹೋಗುವುದಿದ್ದರೆ ನೀರು ಇಳಿಯುತ್ತಿರುವಾಗ ಹೊರಡಿ, ಏರಲು ಶುರುವಾಗುವ ಮೊದಲು ತಿರುಗಿ. ಸಮಯ ಫೋನಲ್ಲಿ ಸಿಗುತ್ತದೆ, ಆದರೆ ಅಲ್ಲೇ ಬಲೆ ಸರಿಮಾಡುತ್ತಾ ಕೂತ ಮೀನುಗಾರರನ್ನು ಕೇಳಿದರೆ ಇನ್ನೂ ಒಳ್ಳೆಯದು. "ಅಣ್ಣ, ನೀರು ಏರ್ತಿದ್ಯೋ ಇಳೀತಿದ್ಯೋ?" ಅಷ್ಟೇ ಕೇಳಿ. ಸಮಯದ ಜೊತೆ ಯಾವ ಬಂಡೆ ಜಾರುತ್ತದೆ ಅನ್ನುವುದನ್ನೂ ಹೇಳಿಬಿಡುತ್ತಾರೆ.

ಟೆಂಟಿಗೂ ಇದೇ ಲೆಕ್ಕ. ಮರಳಲ್ಲಿ ಒಣ ಕಸ, ಕಡ್ಡಿ, ಚಿಪ್ಪು ಸಾಲಾಗಿ ಬಿದ್ದಿರುತ್ತದಲ್ವಾ, ಅದು ಹಿಂದಿನ ಉಬ್ಬರ ಬಂದು ನಿಂತ ಗೆರೆ. ಆ ಗೆರೆಯ ಕೆಳಗೆ ಏನನ್ನೂ ಇಡಬೇಡಿ, ಚಪ್ಪಲಿಯನ್ನೂ.

ಮಕ್ಕಳನ್ನು ನೀರಿಗೆ ಬಿಡಬಹುದಾ?

ಮೊಣಕಾಲುದ್ದ, ನೀವು ಕೈಗೆ ಸಿಗುವಷ್ಟು ಹತ್ತಿರ ನಿಂತು, ಜೀವರಕ್ಷಕರು ಇರುವ ಕಡೆ, ಹಗಲಿನಲ್ಲಿ. ಇಷ್ಟು ಇದ್ದರೆ ಬಿಡಿ. ಕೆಂಪು ಬಾವುಟ ಇದ್ದರೆ ಪಾದವೂ ಬೇಡ.

ಒಂದು ವಿಷಯ ಮಾತ್ರ ಬಿಡಿಸಿ ಹೇಳಬೇಕು. ಅಲೆ ಜೋರಾಗಿ ಒಡೆಯುವ ಕಡೆ ಅಪಾಯ, ಶಾಂತವಾಗಿರುವ ಕಡೆ ಸುರಕ್ಷಿತ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಉಲ್ಟಾ. ದಂಡೆಗೆ ಬಂದ ನೀರು ವಾಪಸ್ ಹೋಗಲು ಒಂದು ದಾರಿ ಮಾಡಿಕೊಳ್ಳುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದಿಲ್ಲ, ನೀರು ಸ್ವಲ್ಪ ಕಪ್ಪಗೆ, ಸುಮ್ಮನಿದ್ದ ಹಾಗೆ ಕಾಣುತ್ತದೆ. ಅದೇ ಒಳಕ್ಕೆ ಎಳೆಯುವ ಜಾಗ. ಸಿಕ್ಕಿಕೊಂಡರೆ ದಂಡೆಗೆ ನೇರ ಈಜಿ ಸುಸ್ತಾಗಬೇಡಿ. ದಂಡೆಗೆ ಸಮಾನವಾಗಿ ಪಕ್ಕಕ್ಕೆ ಈಜಿ, ಎಳೆತ ಬಿಟ್ಟ ಮೇಲೆ ಒಳಗೆ ಬನ್ನಿ. ಅದೂ ಆಗದಿದ್ದರೆ ತೇಲುತ್ತಾ ಕೈ ಎತ್ತಿ. ಕಾಪಾಡಲು ಅಂತ ಮನೆಯವರೆಲ್ಲ ಒಬ್ಬರ ಹಿಂದೆ ಒಬ್ಬರು ಇಳಿಯುವುದರಿಂದಲೇ ಹೆಚ್ಚು ಜೀವ ಹೋಗುವುದು. ತೇಲುವ ಏನನ್ನಾದರೂ ಎಸೆಯಿರಿ, ಕೂಗಿ.

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹುಡುಗಿಯರು ನೀರುಪಾಲಾದರು. ಸಣ್ಣ ಮಕ್ಕಳಿದ್ದರೆ ಹೊನ್ನಾವರ ಹತ್ತಿರದ ಕಾಸರಕೋಡು ಇಕೋ ಬೀಚ್‌ಗೆ ಹೋಗಿ. 2020ರಲ್ಲಿ ದೇಶದಲ್ಲಿ ಮೊದಲು ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಎಂಟು ಬೀಚ್‌ಗಳಲ್ಲಿ ಅದೂ ಒಂದು.

ಕುರುಮಗಡ, ನೇತ್ರಾಣಿ ದ್ವೀಪಗಳಿಗೆ ಹೋಗಬಹುದಾ?

ಮಳೆಗಾಲ ಬಿಟ್ಟು ಉಳಿದಾಗ, ಹವಾಮಾನ ಚೆನ್ನಾಗಿದ್ದರೆ ದೋಣಿ ಸಿಗುತ್ತದೆ. ಕಾರವಾರದ ಸುತ್ತಿನ ನೀರಲ್ಲಿ ಡಾಲ್ಫಿನ್ ಕಾಣುವುದು ಅಪರೂಪವೇನಲ್ಲ. ನೇತ್ರಾಣಿಗೆ ಮುರುಡೇಶ್ವರದಿಂದ ಹೋಗುತ್ತಾರೆ. ಅದು ಮುಖ್ಯವಾಗಿ ಸ್ಕೂಬಾ ಮಾಡುವವರ ಜಾಗ, ಸಣ್ಣ ಮಕ್ಕಳಿಗೆ ದೋಣಿಯ ಕುಲುಕಾಟವೇ ಮಿಗುತ್ತದೆ.

ಎಲ್ಲಿಗೇ ಹೋಗಿ, ಮಗುವಿನ ಅಳತೆಯ ಲೈಫ್ ಜಾಕೆಟ್ ಇಲ್ಲದಿದ್ದರೆ ದೋಣಿ ಹತ್ತಬೇಡಿ. ದೊಡ್ಡವರದ್ದನ್ನೇ ಬಿಗಿಯಾಗಿ ಕಟ್ಟಿದರೆ ನೀರಲ್ಲಿ ಮಗು ಅದರಿಂದ ಜಾರಿಬಿಡುತ್ತದೆ. 2019ರ ಜನವರಿ 21ರಂದು ಕುರುಮಗಡದ ನರಸಿಂಹ ಜಾತ್ರೆ ಮುಗಿಸಿ ಬರುವಾಗ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಕಾರವಾರದವರು ಯಾರೂ ಅದನ್ನು ಮರೆತಿಲ್ಲ. "ಇನ್ನಿಬ್ಬರು ಹತ್ತಿ, ಏನಾಗಲ್ಲ" ಅಂದರೆ ನೀವು ಇಳಿದುಬಿಡಿ.

ಕಾಡಲ್ಲಿ ಹುಲಿ, ಆನೆ, ಉಂಬಳ (ಜಿಗಣೆ)? ಯಾವುದಕ್ಕೆ ಹೆದರಬೇಕು?

ಹುಲಿಗೆ ಅಲ್ಲ, ರಕ್ತ ಹೀರುವ ಉಣ್ಣೆ ಹುಳಕ್ಕೆ ಹೆದರಿ. ಹುಲಿ ಕಣ್ಣಿಗೆ ಬೀಳುವುದೇ ಅಪರೂಪ. ಈ ಕಾಡು ಕರಿಚಿರತೆಗೆ ಹೆಸರಾದದ್ದು, ಅದೂ ಕಾಣುವುದಿಲ್ಲ. ಕಾಡುಕೋಣ ದಾರಿಗೆ ಅಡ್ಡ ನಿಂತಿದ್ದರೆ ಕಾರಲ್ಲೇ ಕೂತು ಕಾಯಿರಿ.

ಉಣ್ಣೆಯ ವಿಷಯ ಗಂಭೀರ. ಮಂಗನ ಕಾಯಿಲೆ ಅಂತ ಕೇಳಿರುತ್ತೀರಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಿಸಿದ್ದು. ಸೋಂಕು ಹತ್ತಿದ ಉಣ್ಣೆ ಕಚ್ಚಿದರೆ ಬರುತ್ತದೆ. ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಅಂದರೆ ಸರಿಯಾಗಿ ಚಾರಣದ ಕಾಲದಲ್ಲೇ. ತುಂಬುತೋಳಿನ ಅಂಗಿ, ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿ, ಉಣ್ಣೆ ದೂರ ಇಡುವ ಎಣ್ಣೆ ಹಚ್ಚಿ. ಒಣ ಎಲೆಯ ದರಕಿನ ಮೇಲೆ ಕೂರಬೇಡಿ, ಮಲಗಬೇಡಿ. ಬಂದ ಕೂಡಲೇ ಸ್ನಾನ, ಬಟ್ಟೆ ಬಿಸಿನೀರಿಗೆ, ಮಕ್ಕಳ ಕಿವಿ ಹಿಂದೆ, ಕಂಕುಳಲ್ಲಿ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ಅಥವಾ ಅರಣ್ಯ ಇಲಾಖೆಗೆ ಹೇಳಿ. ಊರಿಗೆ ಹೋದ ಮೇಲೆ ಒಂದು ವಾರದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು ಬಂದರೆ ಡಾಕ್ಟರಿಗೆ "ಉತ್ತರ ಕನ್ನಡದ ಕಾಡಿಗೆ ಹೋಗಿದ್ದೆವು" ಅಂತ ಮರೆಯದೆ ಹೇಳಿ. ಬೆಂಗಳೂರಿನ ಡಾಕ್ಟರಿಗೆ ಅದು ತಾನಾಗಿ ಹೊಳೆಯಬೇಕೆಂದಿಲ್ಲ.

ಉಂಬಳ ಮಳೆಗಾಲದ್ದು, ರೋಗ ತರುವುದಿಲ್ಲ. ಉಪ್ಪು ಅಥವಾ ಸುಣ್ಣ ತಾಗಿಸಿದರೆ ಬಿಡುತ್ತದೆ. ಮಕ್ಕಳಿಗಿಂತ ಅಪ್ಪಂದಿರೇ ಜಾಸ್ತಿ ಕಿರುಚುವುದು.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಅಲುಗಾಡಿಸದೆ ತಾಲ್ಲೂಕು ಆಸ್ಪತ್ರೆಗೆ ಒಯ್ಯಿರಿ. ಕಡಲಲ್ಲಿ ಜೆಲ್ಲಿ ಮೀನು ತಾಗಿದರೆ ಸಮುದ್ರದ ನೀರಲ್ಲೇ ತೊಳೆಯಿರಿ, ಸಿಹಿನೀರು ಹಾಕಬೇಡಿ, ಉಜ್ಜಬೇಡಿ.

ಮಕ್ಕಳಿಗೆ ತೋರಿಸಲು ಏನಿದೆ? ಬರೀ ನಡೆಯುವುದಾ?

ನಡೆಯುವುದು ನೆಪ. ಇಳಿತದ ಹೊತ್ತಿಗೆ ಒದ್ದೆ ಮರಳಿನ ಮೇಲೆ ಕೂರಿಸಿ. ಸಣ್ಣ ತೂತು, ಅದರ ಸುತ್ತ ಸಾಸಿವೆಯಷ್ಟು ದೊಡ್ಡ ಮರಳಿನ ಗುಂಡುಗಳು ಸಾಲುಸಾಲಾಗಿ ಇರುತ್ತವೆ. ನೆರಳು ಬೀಳದಂತೆ ಎರಡು ನಿಮಿಷ ಅಲ್ಲಾಡದೆ ಕೂತರೆ ಬೆರಳುಗುರಿನಷ್ಟು ಏಡಿ ಹೊರಗೆ ಬರುತ್ತದೆ. ಮರಳು ಬಾಯಿಗೆ ಹಾಕಿ, ಅದರಲ್ಲಿನ ಆಹಾರ ಸೋಸಿಕೊಂಡು, ಉಳಿದದ್ದನ್ನು ಗುಂಡು ಮಾಡಿ ಪಕ್ಕಕ್ಕಿಡುತ್ತದೆ. ಮತ್ತೆ ಇನ್ನೊಂದು. ಯಾರಾದರೂ ಕೆಮ್ಮಿದರೆ ಸರ್ರನೆ ಒಳಗೆ. ಮುಂದಿನ ಉಬ್ಬರ ಎಲ್ಲ ಅಳಿಸುತ್ತದೆ, ಅದು ಮತ್ತೆ ಶುರುಮಾಡುತ್ತದೆ.

ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಕಾರವಾರ, ಹೊನ್ನಾವರದ ದಂಡೆಗಳಲ್ಲಿ ಮೊಟ್ಟೆ ಇಡುತ್ತವೆ. ಅರಣ್ಯ ಇಲಾಖೆಯವರು ಬಲೆ ಕಟ್ಟಿ ಕಾಯುವ ಗೂಡು ಕಂಡರೆ ದೂರದಿಂದ ನೋಡಿ. ಮರಿ ಬರುವ ಹೊತ್ತಲ್ಲಿ ಟಾರ್ಚ್, ಫ್ಲ್ಯಾಶ್ ಬೇಡ, ಬೆಳಕು ಕಂಡರೆ ಮರಿಗಳಿಗೆ ಕಡಲಿನ ದಿಕ್ಕು ತಪ್ಪುತ್ತದೆ. ಕೆಲವು ರಾತ್ರಿ ಅಲೆ ನೀಲಿಯಾಗಿ ಹೊಳೆಯುವುದೂ ಉಂಟು. ನಾಕ್ಟಿಲೂಕಾ ಅನ್ನುವ ಸೂಕ್ಷ್ಮಜೀವಿಯ ಕೆಲಸ ಅದು. ಸಿಕ್ಕರೆ ನಿಮ್ಮ ಅದೃಷ್ಟ.

ಕಾಡಲ್ಲಿ ಮಂಗಟ್ಟೆ ಹಕ್ಕಿ. ದಾಂಡೇಲಿ ಕಡೆ ನಾಲ್ಕು ಜಾತಿಯವು ಇವೆ. ದೊಡ್ಡ ಮಂಗಟ್ಟೆ ಹಾರಿದರೆ ರೆಕ್ಕೆಯ ಸದ್ದು ಮೊದಲು ಕೇಳುತ್ತದೆ, ಆಮೇಲೆ ಹಕ್ಕಿ ಕಾಣುತ್ತದೆ.

ಅಂಕೋಲಾ ದಾಟುವಾಗ ತುಳಸಿ ಗೌಡರ ಬಗ್ಗೆ ಮಕ್ಕಳಿಗೆ ಹೇಳಿ. ಹೊನ್ನಳ್ಳಿಯ ಹಾಲಕ್ಕಿ ಒಕ್ಕಲು ಮಹಿಳೆ, ಶಾಲೆಗೆ ಹೋದವರಲ್ಲ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಬೆಳೆಸುತ್ತಾ ಗಿಡಗಳ ಜ್ಞಾನದಲ್ಲಿ ದೊಡ್ಡ ಹೆಸರಾದರು. 2021ರಲ್ಲಿ ರಾಷ್ಟ್ರಪತಿಯವರ ಕೈಯಿಂದ ಪದ್ಮಶ್ರೀ ಪಡೆಯಲು ಬರಿಗಾಲಲ್ಲಿ ಹೋಗಿದ್ದರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಕಾರವಾರದ ಟಾಗೋರ್ ಬೀಚ್‌ನಲ್ಲಿ ಚಪಲ್ ಯುದ್ಧನೌಕೆಯ ಮ್ಯೂಸಿಯಂ, ಪಕ್ಕದಲ್ಲೇ ನೌಕಾಪಡೆಯ ಹಳೇ ತುಪೋಲೆವ್ ವಿಮಾನ. ಮಳೆ ಬಂದ ಸಂಜೆಗೆ ಒಳ್ಳೆಯ ಉಪಾಯ.

ಏನೇನು ತರಬೇಕು?

ಹಿಡಿತ ಇರುವ ಶೂ, ಜೊತೆಗೆ ನೀರಿಗೆ ಹಾಕುವ ಚಪ್ಪಲಿ. ಟೋಪಿ. ತಲೆಗೆ ಕಟ್ಟುವ ಟಾರ್ಚ್ ಒಬ್ಬೊಬ್ಬರಿಗೆ ಒಂದು, ಇಲ್ಲದಿದ್ದರೆ ಮಕ್ಕಳ ಜಗಳ ಬಿಡಿಸುವುದೇ ಕೆಲಸ. ಬೆಳಗಿನ ನಡಿಗೆಗೆ ದೊಡ್ಡವರಿಗೆ ಎರಡು ಲೀಟರ್ ನೀರು, ಓಆರ್‌ಎಸ್ ಪೊಟ್ಟಣ. ಡಿಸೆಂಬರ್–ಜನವರಿಯಲ್ಲಿ ಅಣಶಿಗೆ ಸ್ವೆಟರ್ ಬೇಕು. ಕಡಲ ಹತ್ತಿರ ಬೇಡ, ಆದರೆ ಬೆಳಗಿನ ಜಾವ ಮಂಜು ಬಿದ್ದು ಟೆಂಟ್ ತೊಟ್ಟಿಕ್ಕುತ್ತದೆ. ಬಟ್ಟೆ ಹೊರಗೆ ಒಣಹಾಕಿ ಮಲಗಿದರೆ ಬೆಳಿಗ್ಗೆ ಇನ್ನೂ ಒದ್ದೆ. ಸ್ವಂತ ಟೆಂಟ್ ತರುವವರು ಗಮನಿಸಿ: ಮರಳಲ್ಲಿ ಸಣ್ಣ ಗೂಟ ನಿಲ್ಲುವುದಿಲ್ಲ. ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಹೂತುಬಿಡಿ. ತೆಂಗಿನ ಮರದ ಬುಡದಲ್ಲಿ ಟೆಂಟ್ ಬೇಡ, ಕಾರಣ ಮೇಲೆ ನೋಡಿದರೆ ಗೊತ್ತಾಗುತ್ತದೆ.

ಊಟ? ಅಡುಗೆ ನಾವೇ ಮಾಡಿಕೊಳ್ಳಬಹುದಾ?

ಕಾಡಲ್ಲಿ ಬೆಂಕಿ ಹಾಕುವಂತಿಲ್ಲ. ಕಡಲ ಕಡೆ ಇಂಥ ಊಟ ಸಿಗುವಾಗ ನೂಡಲ್ಸ್ ಬೇಯಿಸುವವರನ್ನು ಕಂಡರೆ ನನಗೆ ಪಾಪ ಅನಿಸುತ್ತದೆ. ಕಾರವಾರ, ಅಂಕೋಲಾದಲ್ಲಿ ಮೀನೂಟ: ಕುಚಲಕ್ಕಿ ಅನ್ನ, ಬಂಗಡೆ ಸಾರು, ರವೆ ಹಚ್ಚಿ ಹುರಿದ ಇಸವಾಣ, ಕೊನೆಗೆ ಸೋಲ್ ಕಡಿ. ಮಕ್ಕಳಿಗೆ ಮುಳ್ಳು ಕಡಿಮೆ ಇರುವ ಮೀನು ಯಾವುದು ಅಂತ ಬಡಿಸುವವರನ್ನೇ ಕೇಳಿ. ಸಸ್ಯಾಹಾರಿಗಳು ಶಿರಸಿ ದಾರಿಯಲ್ಲಿ ಬಂದರೆ ತಂಬುಳಿ, ಅಪ್ಪೆಹುಳಿ, ತೊಡದೇವು. ಬೇಸಿಗೆಯಲ್ಲಿ ಕುಮಟಾ ಹತ್ತಿರ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿಯ ಜಡೆ ನೇತುಹಾಕಿರುತ್ತಾರೆ, ಅಂಕೋಲಾದಲ್ಲಿ ಕರಿ ಇಶಾಡ ಮಾವು. ಮೇ ತಿಂಗಳ ಸೆಕೆ ತಡೆದುಕೊಳ್ಳಲು ಅದೊಂದು ಕಾರಣ ಸಾಕು.

ಹೇಗೆ ಬರುವುದು?

ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊರಟು ಬೆಳಿಗ್ಗೆ ಇಲ್ಲಿ. ಮಕ್ಕಳಿಗೆ ಇದಕ್ಕಿಂತ ಸುಖ ಇಲ್ಲ. ಕುಮಟಾ, ಗೋಕರ್ಣ ರೋಡ್, ಅಂಕೋಲಾ, ಕಾರವಾರ ಎಲ್ಲಿ ಬೇಕಾದರೂ ಇಳಿಯಬಹುದು. ಗೋಕರ್ಣ ರೋಡ್ ಸ್ಟೇಷನ್ ಊರಿನಿಂದ ದೂರ, ಆಟೋ ಹಿಡಿಯಬೇಕು. ಹುಬ್ಬಳ್ಳಿಯವರು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ, ಹೊರಡುವ ಮೊದಲು ರಸ್ತೆ ತೆರೆದಿದೆಯಾ ಅಂತ ವಿಚಾರಿಸಿ. ಅಣಶಿ ಕಡೆ ಹೋಗುವವರು ಕಾರವಾರದಲ್ಲೇ ಪೆಟ್ರೋಲ್ ತುಂಬಿಸಿ, ಕತ್ತಲಾಗುವ ಮೊದಲು ತಲುಪಿ. ಉಳವಿ ಚನ್ನಬಸವೇಶ್ವರ ಜಾತ್ರೆ ಭಾರತ ಹುಣ್ಣಿಮೆಯ ಹೊತ್ತಿಗೆ. ಆಗ ಚಕ್ಕಡಿಗಳಲ್ಲಿ, ಕಾಲ್ನಡಿಗೆಯಲ್ಲಿ ಬರುವ ಭಕ್ತರಿಂದ ಜೋಯಿಡಾದ ರಸ್ತೆ ತುಂಬಿರುತ್ತದೆ.

ಫೋನ್ ಸಿಗ್ನಲ್, ಆಸ್ಪತ್ರೆ?

ಕಡಲದಂಡೆಯಲ್ಲಿ ಪರವಾಗಿಲ್ಲ, ಅಣಶಿ ಘಟ್ಟದಲ್ಲಿ ಇಲ್ಲ ಅಂತಲೇ ಇಟ್ಟುಕೊಳ್ಳಿ. ನಕ್ಷೆ ಮೊದಲೇ ಇಳಿಸಿಕೊಳ್ಳಿ, ಎಲ್ಲಿ ಹೋಗುತ್ತೀರಿ ಅಂತ ಮನೆಯಲ್ಲಿ ಒಬ್ಬರಿಗೆ ಹೇಳಿರಿ. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಉಳಿದ ಕಡೆ ತಾಲ್ಲೂಕು ಆಸ್ಪತ್ರೆಗಳು. ಆಂಬುಲೆನ್ಸ್ 108, ತುರ್ತಿಗೆ 112, ಕರಾವಳಿ ಕಾವಲು ಪೊಲೀಸರಿಗೆ 1093.

ಡ್ರೋನ್ ಹಾರಿಸಬಹುದಾ?

ಕಾರವಾರದಲ್ಲಿ ಬೇಡವೇ ಬೇಡ. ಅರಗಾದಲ್ಲಿ ಕದಂಬ ನೌಕಾನೆಲೆ ಇದೆ. ಅದರ ಬೇಲಿಯ ಹತ್ತಿರ ಫೋಟೋ ತೆಗೆಯುವುದೂ ಬೇಡ. ಅಂಜದೀವ ದ್ವೀಪಕ್ಕೂ ಪ್ರವಾಸಿಗಳಿಗೆ ಪ್ರವೇಶ ಇಲ್ಲ. ಹುಲಿ ಕಾಡಿನ ಮೇಲೂ ಡ್ರೋನ್ ಇಲ್ಲ.

ಗೋವಾ ಹತ್ತಿರವೇ ಅಲ್ವಾ, ಒಂದು ಸುತ್ತು ಹೋಗಿ ಬರೋಣವಾ?

ಹೋಗಿ ಬನ್ನಿ, ಮಾಜಾಳಿ ದಾಟಿದರೆ ಗೋವಾ. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದ ಮೇಲೆ ಎರಡೂ ದಿಕ್ಕಿನ ವಾಹನಗಳನ್ನು ಹೊಸ ಸೇತುವೆ ಮೇಲೇ ಬಿಟ್ಟರು. ಅಲ್ಲಿ ಸ್ವಲ್ಪ ನಿಧಾನವಾದರೂ ಸಹಿಸಿಕೊಳ್ಳಿ. ಬರುವಾಗ ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಗಾಡಿ ತಪಾಸಣೆ ಮಾಡುತ್ತಾರೆ. ಗೋವಾದ ಬಾಟಲಿ ಮಕ್ಕಳ ಬ್ಯಾಗಲ್ಲಿ ಅಡಗಿಸಿದರೆ ಸಿಗಲ್ಲ ಅಂತ ಅಂದುಕೊಳ್ಳುವವರಿದ್ದಾರೆ. ಚೆಕ್‌ಪೋಸ್ಟಿನವರು ಮೊದಲು ತೆಗೆಸುವುದೇ ಆ ಬ್ಯಾಗು.